ಕಾಗದದ ಪೆಟ್ಟಿಗೆ: ಮೂರನ್ನೂ ಬಳಸಿ ನೋಡಿದೆ

ನಮ್ಮ ಅಜ್ಜನ ಹತ್ತಿರ ಇಳಿಜಾರು ಮುಚ್ಚಳದ ಒಂದು ಗಿಡ್ಡ ಡೆಸ್ಕಿತ್ತು. ಚಾಪೆ ಮೇಲೆ ಕೂತು, ಅದನ್ನು ಮುಂದಿಟ್ಟುಕೊಂಡು ಲೆಕ್ಕ ಬರೆಯುತ್ತಿದ್ದರು. ಇಂಗ್ಲೆಂಡಿನ ಹಳೇ ಸಾಮಾನಿನ ಸಂತೆಯೊಂದರಲ್ಲಿ ಅದರ ಮರಿಯಂಥ, ಕಾಗದ ಬರೆಯುವ ಸಾಮಾನು ಇಡುವ ಮರದ ಪೆಟ್ಟಿಗೆ ಕಂಡಾಗ ಬಿಟ್ಟು ಬರಲು ಮನಸ್ಸಾಗಲಿಲ್ಲ. ಒಂದು ಹೋಗಿ ಮೂರಾಯಿತು. "ಇನ್ನೊಂದು ತಂದರೆ ನೀವೂ ಅದರೊಳಗೇ ಮಲಗಿ" ಅಂತ ಮನೆಯವರು ಹೇಳಿಯಾಗಿದೆ. ಒಂದೊಂದನ್ನೂ ಎರಡೆರಡು ತಿಂಗಳು ಮೇಜಿನ ಮೇಲಿಟ್ಟು, ನಿಜವಾಗಿ ಬಳಸಿ ನೋಡಿದೆ.

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಂಥ ಪೆಟ್ಟಿಗೆ ಇಷ್ಟೊಂದು ಯಾಕೆ ಬಂದವು ಅಂದರೆ, ಅಂಚೆಯಿಂದ. 1840ಕ್ಕೆ ಮೊದಲು ಎಷ್ಟು ದೂರ, ಎಷ್ಟು ಹಾಳೆ ಅಂತ ಲೆಕ್ಕ ಹಾಕಿ ದುಡ್ಡು ಕೇಳುತ್ತಿದ್ದರು. ಲಕೋಟೆ ಹಾಕಿದರೆ ಅದೂ ಒಂದು ಹಾಳೆಯೇ! ಆ ವರ್ಷ ಅರ್ಧ ಔನ್ಸ್ ಕಾಗದಕ್ಕೆ ದೇಶದಲ್ಲಿ ಎಲ್ಲಿಗಾದರೂ ಒಂದೇ ಪೆನ್ನಿ ಅಂತಾಯಿತು. ಜನ ಬರೆದರು, ಬರೆದರು. ಹಾಳೆ, ಲಕೋಟೆ ಇಡಲು ಜಾಗ ಬೇಕಾಯಿತು.

ಮೊದಲು ಕೊಂಡದ್ದು ಬರೆಯುವ ಪೆಟ್ಟಿಗೆ. ಮುಚ್ಚಿದರೆ ಚೌಕನೆಯ ಡಬ್ಬ, ಬಿಡಿಸಿದರೆ ಮಕಮಲ್ಲು ಹೊದಿಸಿದ ಇಳಿಜಾರು ಹಲಗೆ. 120 ಪೌಂಡ್ ಕೊಟ್ಟೆ. ಮೇಲೆ ರೋಸ್‌ವುಡ್, ನಡುವೆ ಮುತ್ತಿನ ಚಿಪ್ಪಿನ ಹೂವು. ರೋಸ್‌ವುಡ್ ಅಂದ ತಕ್ಷಣ ನಮ್ಮ ಬೀಟೆ ಅಂತ ಹಿಗ್ಗಿದೆ. ಆದರೆ ಆ ಕಾಲದ ಇಂಗ್ಲಿಷ್ ಪೆಟ್ಟಿಗೆಗಳಿಗೆ ಬ್ರೆಜಿಲ್‌ನ ಮರವೂ ಬಹಳ ಬರುತ್ತಿತ್ತು. ಅದೂ ಬರೀ ವಿನೀರ್, ಅಂದರೆ ಮೇಲೆ ಅಂಟಿಸಿದ ತೆಳು ಮರದ ಪದರ. ಒಳಗಿರುವುದು ಅಗ್ಗದ ಪೈನ್. ಮೈಸೂರಿನ ಕುಶಲಕರ್ಮಿ ಬೀಟೆ ಹಲಗೆಯನ್ನೇ ತೋಡಿ ತುಂಡುಗಳನ್ನು ಕೂರಿಸುತ್ತಾನೆ. ಇಲ್ಲಿ ಚಿಪ್ಪು ವಿನೀರಿನಷ್ಟೇ ಆಳಕ್ಕೆ ಕೂತಿದೆ. ಬೆರಳಾಡಿಸಿದರೆ ಒಂದು ದಳ ಅಲ್ಲಾಡುತ್ತದೆ.

ಮಸಿ ಬಾಟಲಿ ಇಡುವ ಗೂಡಿನ ಪಕ್ಕದ ಪಟ್ಟಿಯನ್ನು ಒತ್ತಿದರೆ ಅದು ಸ್ಪ್ರಿಂಗ್‌ನಿಂದ ಚಿಮ್ಮಿ ಬರುತ್ತದೆ, ಹಿಂದೆ ಎರಡು ಗುಟ್ಟಿನ ಡ್ರಾಯರು. ಮೊದಲ ಸಲ ತೆರೆದಾಗ ಎದೆ ಹೊಡೆದುಕೊಂಡಿತು. ಒಳಗೆ ಒಂದು ಗುಂಡುಸೂಜಿ ಇತ್ತು, ಅಷ್ಟೇ. ಬರೆಯಲು ಮಾತ್ರ ಇದು ಸುಖವಿಲ್ಲ. ಹಲಗೆ ಬಿಡಿಸಿದರೆ ಮೇಜೆಲ್ಲ ಅದರದ್ದೇ. ಎರಡು ಹಲಗೆ ಸೇರುವ ಗೆರೆಯ ಮೇಲೆ ಮಕಮಲ್ಲು ಮಡಚಿ ಮಡಚಿ ಹರಿದಿದೆ. ಆ ಗೆರೆಗೆ ಪೆನ್ನು ಸಿಕ್ಕಿಕೊಳ್ಳುತ್ತದೆ. ಇದನ್ನು ಊರಿಗೆ ತರಬೇಕೆಂದರೆ ಇನ್ನೊಂದು ತಲೆನೋವು: ಬ್ರೆಜಿಲ್ ರೋಸ್‌ವುಡ್‌ಗೆ 1992ರಿಂದ ಅಂತರರಾಷ್ಟ್ರೀಯ ಕಟ್ಟುಪಾಡಿದೆ, ಗಡಿ ದಾಟಿಸಲು ದಾಖಲೆ ಬೇಕು.

ಎರಡನೆಯದು ಟನ್‌ಬ್ರಿಜ್ ಕೆಲಸದ, ಅಂದರೆ ಮರದ ಚೂರುಗಳಲ್ಲೇ ಚಿತ್ರ ಮೂಡಿಸಿದ ಪೆಟ್ಟಿಗೆ. 260 ಪೌಂಡ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಕ್ಷಮಿಸಿ.

ಮುಚ್ಚಳದ ಸುತ್ತ ಗುಲಾಬಿಯ ಅಂಚು. ದೂರದಿಂದ ಕಸೂತಿ ಥರ ಕಾಣುತ್ತದೆ. ಆ ಕಾಲದಲ್ಲಿ ಉಣ್ಣೆಯ ದಾರದಲ್ಲಿ ಹಾಕುತ್ತಿದ್ದ ಬರ್ಲಿನ್ ಕಸೂತಿಯ ನಮೂನೆಗಳನ್ನೇ ಟನ್‌ಬ್ರಿಜ್ ಕುಶಲಕರ್ಮಿಗಳು ಮರಕ್ಕೆ ತಂದರು. ಹತ್ತಿರ ಹೋದರೆ ಸಾವಿರಾರು ಸಣ್ಣ ಚೌಕಗಳು, ಬೇರೆ ಬೇರೆ ಬಣ್ಣದ ಮರದವು. ಕೆಂಟ್‌ನ ಟನ್‌ಬ್ರಿಜ್ ವೆಲ್ಸ್‌ನಲ್ಲಿ 1830ರ ಹೊತ್ತಿಗೆ ಈ ಕೆಲಸ ಶುರುವಾಯಿತು. ಚೌಕಗಳನ್ನು ಒಂದೊಂದಾಗಿ ಅಂಟಿಸಿದ್ದಲ್ಲ. ಬಣ್ಣ ಬಣ್ಣದ ಮರದ ಸಪೂರ ಕಡ್ಡಿಗಳನ್ನು ನಮೂನೆಯ ಪ್ರಕಾರ ಜೋಡಿಸಿ, ಸರೇಸು ಹಾಕಿ ಒಂದೇ ತುಂಡು ಮಾಡುತ್ತಿದ್ದರು. ಆಮೇಲೆ ಅಡ್ಡಕ್ಕೆ ತೆಳುವಾಗಿ ಕೊಯ್ಯುವುದು. ಪತ್ರೊಡೆ ಸುರುಳಿ ಕೊಯ್ದ ಹಾಗೆ, ಪ್ರತಿ ಹೋಳಿನಲ್ಲೂ ಅದೇ ಚಿತ್ರ! ಎಡ್ಮಂಡ್ ನೈ, ಥಾಮಸ್ ಬಾರ್ಟನ್ ಈ ಕೆಲಸದ ದೊಡ್ಡ ಹೆಸರುಗಳು.

ಎಲೆಯ ಹಸಿರಿಗೆ ಬಣ್ಣ ಬಳಿದಿಲ್ಲ. ಬಿದ್ದ ಓಕ್ ಮರಕ್ಕೆ ಒಂದು ಬಗೆಯ ಶಿಲೀಂಧ್ರ ಹತ್ತಿ, ಮರವೇ ನೀಲಿ ಹಸಿರಾಗುತ್ತದೆ. ಬೂದು ಬಣ್ಣ ಬೇಕಾದರೆ ಮರವನ್ನು ಆ ಊರಿನ ಕಬ್ಬಿಣಾಂಶದ ಚಿಲುಮೆ ನೀರಿನಲ್ಲಿ ನೆನೆಸುತ್ತಿದ್ದರು. ಬಿಸಿಲು ಬಿದ್ದು ನನ್ನ ಪೆಟ್ಟಿಗೆಯ ಹೊರಗಿನ ಗುಲಾಬಿ ಒಣಗಿದ ಚಹಾಪುಡಿಯ ಬಣ್ಣಕ್ಕೆ ಬಂದಿದೆ. ಮುಚ್ಚಳ ತೆಗೆದರೆ ಒಳಗಿನ ಸಣ್ಣ ಪಟ್ಟಿ ಈಗಲೂ ಕೆಂಪಗಿದೆ. ಅದನ್ನು ನೋಡಲೆಂದೇ ಸುಮ್ನೆ ತೆಗೆಯುತ್ತೇನೆ. ಚಳಿಗಾಲದಲ್ಲಿ ಹೀಟರ್ ಹಾಕಿದ ವಾರ ಮೂಲೆಯಲ್ಲಿ ಟಪ್ ಅಂತ ಸದ್ದು. ಒಳಗಿನ ಮರ ಕುಗ್ಗಿ ಒಂದಿಂಚು ಅಂಚು ಎದ್ದಿತ್ತು. ಇಂಥದ್ದನ್ನು ದಿನಕ್ಕೆ ನಾಲ್ಕು ಸಲ ಮುಟ್ಟಲು ಧೈರ್ಯ ಬರಲ್ಲ.

ಮೂರನೆಯದು ಹಾಳೆ, ಲಕೋಟೆ ಇಡಲೆಂದೇ ಮಾಡಿದ ನಿಜವಾದ ಕಾಗದದ ಪೆಟ್ಟಿಗೆ. ಗಂಟಿನ ವಾಲ್‌ನಟ್ (ಅಕ್ರೋಟು) ಮರ, ಹಿತ್ತಾಳೆ ಪಟ್ಟಿ, ಮುಂದಕ್ಕೆ ಇಳಿಜಾರಾದ ಮುಚ್ಚಳ. ಒಳಗೆ ಮೆಟ್ಟಿಲಿನಂತೆ ಮೂರು ಅರೆ, ಅಂದರೆ ಖಾನೆ. ಮುಂದೆ ಲಕೋಟೆ, ಹಿಂದೆ ಹಾಳೆ. ಬೀಗದ ಕೈ ಕಳೆದಿತ್ತು, ವಿನೀರ್ ಎರಡು ಕಡೆ ಹಾರಿತ್ತು, ಅದಕ್ಕೇ 90 ಪೌಂಡಿಗೆ ಸಿಕ್ಕಿತು. ಮಾರಿದವನು ಹಳೇ ಪತ್ರಿಕೆ ಸುತ್ತಿ ಕಳಿಸಿದ್ದ, ಮೂರನೇ ಕಡೆ ದಾರಿಯಲ್ಲಿ ಹಾರಿತು. ಗುಟ್ಟಿನ ಡ್ರಾಯರಿಲ್ಲ, ಗುಲಾಬಿಯೂ ಇಲ್ಲ. ಅಲಂಕಾರ ಅಂದರೆ ಮರದ ಗಂಟಿನ ಸುಳಿಗಳೇ. ಒಂದೇ ತುಂಡಿನ ಎರಡು ಪದರ ಬಿಡಿಸಿ, ಕನ್ನಡಿಯಲ್ಲಿ ಕಂಡ ಹಾಗೆ ಎದುರುಬದುರು ಕೂರಿಸಿದ್ದಾರೆ. ಎ4 ಹಾಳೆ ಹಿಡಿಸಲ್ಲ. ಆಗಿನ ಕಾಗದವೇ ಚಿಕ್ಕದು, ಎ5 ತಂದಿಟ್ಟುಕೊಂಡೆ.

ಒಂದು ಕೈಯಲ್ಲಿ ಮುಚ್ಚಳ ಎತ್ತಿದರೆ ಎಲ್ಲವೂ ಕಣ್ಣ ಮುಂದೆ. ಎರಡು ತಿಂಗಳಲ್ಲಿ ಹೆಚ್ಚು ಕಾಗದ ಬರೆದದ್ದು ಇದರಿಂದಲೇ. ಅಂದ ನೋಡಿ ಅಂಕ ಕೊಟ್ಟರೆ ಟನ್‌ಬ್ರಿಜ್ ಗೆಲ್ಲುತ್ತದೆ, ಅದರಲ್ಲಿ ಮಾತೇ ಇಲ್ಲ. ಆದರೆ ಬಳಸಲು ಕೊಳ್ಳುತ್ತೀರಾದರೆ ಈ ಬಗೆಯದನ್ನೇ ಹುಡುಕಿ. ಕೊಳ್ಳುವಾಗ ಅರೆಗಳ ತಟ್ಟೆ ಎತ್ತಿ ತಳ ನೋಡಿ. ಹುಳು ತಿಂದಿದ್ದರೆ ಅಲ್ಲಿ ಹಿಟ್ಟು ಉದುರಿರುತ್ತದೆ.

ಟನ್‌ಬ್ರಿಜ್ ಈಗ ಬಿಸಿಲು ಬೀಳದ ಮೂಲೆಯಲ್ಲಿದೆ. ವಾಲ್‌ನಟ್ ಪೆಟ್ಟಿಗೆಯ ಹಿಂದಿನ ಅರೆಯಲ್ಲಿ ಅಪ್ಪ ಹಾಸ್ಟೆಲ್ಲಿಗೆ ಬರೆಯುತ್ತಿದ್ದ ನೀಲಿ ಇನ್‌ಲ್ಯಾಂಡ್ ಲೆಟರುಗಳನ್ನು ಇಟ್ಟಿದ್ದೇನೆ. ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿವೆ.