ಗೋವಿನಜೋಳಕ್ಕೆ ಡ್ರೋನ್ ಸಿಂಪಡಣೆ: ಹಾವೇರಿಯಿಂದ ನನ್ನ ಅನುಭವ

ಈ ಸಲ ಬಾಡಿಗೆ ಡ್ರೋನ್‌ನಿಂದ ಔಷಧಿ ಹೊಡೆಸಿದೆ. ಆಳೆತ್ತರದ ಗೋವಿನಜೋಳದಲ್ಲಿ ಬೆನ್ನಿಗೆ ಪಂಪ್ ಕಟ್ಟಿಕೊಂಡು ನುಗ್ಗಿದರೆ ಎಲೆ ಕೈ ಕೊಯ್ಯುತ್ತದೆ, ಔಷಧಿ ಮುಖಕ್ಕೇ ಬೀಳುತ್ತದೆ, ಆ ಕಷ್ಟ ಪೂರ್ತಿ ತಪ್ಪಿತು. 10 ಲೀಟರ್ ಟ್ಯಾಂಕ್, ಎಕರೆಗೆ ಹತ್ತೇ ನಿಮಿಷ.

ಬೆಳೆಗೆ ಔಷಧಿ ಹೊಡೆಯುವ ವಿಮಾನಗಳಲ್ಲಿ ಅಮೆರಿಕದ ಏರ್ ಟ್ರ್ಯಾಕ್ಟರ್ ಎಟಿ-802 ನನಗೆ ತುಂಬಾ ಇಷ್ಟ. ಅದು ಮೊದಲ ಸಲ ಹಾರಿದ್ದು 1990ರಲ್ಲಿ. ಇರೋದು ಒಂದೇ ಇಂಜಿನ್, ಆದರೂ ಸುಮಾರು 3,000 ಲೀಟರ್ ಹೊತ್ತು ಬೆಳೆಯ ನೆತ್ತಿ ಸವರುವಷ್ಟು ತಗ್ಗಿನಲ್ಲಿ ಹೋಗುತ್ತದೆ. ಅದರದ್ದೇ ಇನ್ನೊಂದು ಮಾದರಿ ಕಾಡಿನ ಬೆಂಕಿ ಆರಿಸುತ್ತದೆ. ನಮ್ಮ ಎರಡು ಮೂರು ಎಕರೆ ಹೊಲಕ್ಕೆ ಡ್ರೋನೇ ಸರಿ, ಅಲ್ವಾ?

ಬೇಸರ ಒಂದೇ. ಬೆಳಗ್ಗೆ ಬರುತ್ತೇವೆಂದವರು ಮಧ್ಯಾಹ್ನ ಬಂದರು, ಅಷ್ಟೊತ್ತಿಗೆ ಗಾಳಿ ಎದ್ದು ಬದುವಿನ ಸಾಲುಗಳಿಗೆ ಔಷಧಿ ಸರಿಯಾಗಿ ಬೀಳಲಿಲ್ಲ. ಮುಂಜಾನೆಯೇ ಬರಬೇಕೆಂದು ಗಟ್ಟಿಯಾಗಿ ಹೇಳಿ.