ಅಕ್ರೊಪೊರಾ ಸಾಕುವುದೋ, ಯೂಫಿಲಿಯಾ ಸಾಕುವುದೋ?

ಮನೆಯ ಉಪ್ಪುನೀರಿನ ಅಕ್ವೇರಿಯಂಗೆ ಗಟ್ಟಿ ಹವಳ ತರುವವರು, ಸಮುದ್ರದಿಂದ ಕಿತ್ತು ತಂದದ್ದನ್ನು ಬಿಟ್ಟು, ತಾಯಿ ಹವಳದಿಂದ ಕತ್ತರಿಸಿ ಬೆಳೆಸಿದ ತುಣುಕನ್ನೇ ಆರಿಸಬೇಕು. ಈ ವಿಷಯದಲ್ಲಿ ನನಗೆ ಎರಡನೆಯ ಅಭಿಪ್ರಾಯವಿಲ್ಲ. ಇನ್ನು ಗಟ್ಟಿ ಹವಳಗಳಾದ ಅಕ್ರೊಪೊರಾ, ಯೂಫಿಲಿಯಾಗಳಲ್ಲಿ ಯಾವುದನ್ನು ಆರಿಸಬೇಕು ಎಂಬುದು ಪ್ರಶ್ನೆ. ಸಣ್ಣ ಪಾಲಿಪ್‌ಗಳ (ಹವಳವನ್ನು ಕಟ್ಟುವ ಮೃದು ಜೀವಿಗಳ) ಅಕ್ರೊಪೊರಾಗೆ ಪ್ರಖರ ಬೆಳಕು, ರಭಸದ ಹರಿವು ಎರಡೂ ಬೇಕು. ತನ್ನ ಅಸ್ಥಿಪಂಜರ ಕಟ್ಟಲು ಅದು ಸತತವಾಗಿ ಖನಿಜಗಳನ್ನು ಹೀರುವುದರಿಂದ, ಕ್ಯಾಲ್ಸಿಯಂ ಲೀಟರಿಗೆ 400ರಿಂದ 450 ಮಿಲಿಗ್ರಾಂ ಇರುವಂತೆ ನೋಡಿಕೊಂಡರೂ, ಕ್ಷಾರೀಯತೆ (ಆಮ್ಲವನ್ನು ತಟಸ್ಥಗೊಳಿಸುವ ನೀರಿನ ಸಾಮರ್ಥ್ಯ) ಹಠಾತ್ತಾಗಿ ಏರಿಳಿದರೆ ಅಂಗಾಂಶ ಸುಲಿದುಹೋಗಿ, ಬುಡದಲ್ಲಿ ಬರಿಯ ಬಿಳಿ ಎಲುಬು ಕಾಣತೊಡಗಬಹುದು. ದೊಡ್ಡ ಪಾಲಿಪ್‌ಗಳ ಯೂಫಿಲಿಯಾಗೆ ಮಧ್ಯಮ ಬೆಳಕು, ಅದರ ಎಳೆಗಳು ಮೆಲ್ಲನೆ ತೂಗಾಡುವಷ್ಟು ಹರಿವು ಸಾಕು. ಆದರೆ ಅದು ಉದ್ದನೆಯ ಕುಟುಕುವ ಎಳೆಗಳನ್ನು ಚಾಚುವುದರಿಂದ ನೆರೆಯ ಹವಳವನ್ನು ಸುಮಾರು 15 ಸೆಂ.ಮೀ. ದೂರವಿಡಬೇಕು. ಮೊದಲ ಬಾರಿಗೆ ಹವಳ ಸಾಕುವವರಿಗೆ ನಾನು ಯೂಫಿಲಿಯಾವನ್ನೇ ಹೇಳುತ್ತೇನೆ. ನೀರಿನ ಪರೀಕ್ಷೆಯ ಅಂಕಿಗಳು ತಿಂಗಳುಗಟ್ಟಲೆ ಕದಲದೆ ನಿಂತ ಮೇಲೆ ಅಕ್ರೊಪೊರಾ ತರಬಹುದು.