ನೆಲಬಾಂಬೋ, ಕ್ಲಸ್ಟರ್ ಬಾಂಬೋ?

ಮಡಿಕೇರಿಯಲ್ಲಿ ಚರ್ಚಾಸ್ಪರ್ಧೆಗೆ ತಯಾರಾಗುತ್ತಿರುವ ಹುಡುಗಿಯೊಬ್ಬಳು ಕೇಳಿದಳು: ದೇಶಕ್ಕೆ ನುಗ್ಗಿದವರನ್ನು ತಡೆಯಲು ನೆಲಬಾಂಬ್, ಕ್ಲಸ್ಟರ್ ಬಾಂಬ್ (ಗಾಳಿಯಲ್ಲೇ ತೆರೆದುಕೊಂಡು ಹಲವಾರು ಚಿಕ್ಕ ಬಾಂಬ್‌ಗಳನ್ನು ಚೆಲ್ಲುವಂಥದ್ದು) ಇವೆರಡರಲ್ಲಿ ಯಾವುದನ್ನು ಸಮರ್ಥಿಸಬಹುದು? ಇಷ್ಟೊಂದು ಮನೆಗಳಿಂದ ಸೇನೆಗೆ ಹೋಗುವ ಕೊಡಗಿನಲ್ಲಿ ಇದು ಸುಮ್ನೆ ಕೇಳುವ ಪ್ರಶ್ನೆಯಲ್ಲ.

ಕಾನೂನಿನಲ್ಲಿ ಜಾಸ್ತಿ ವ್ಯತ್ಯಾಸವಿಲ್ಲ. ಕಾಲಾಳುಗಳ ವಿರುದ್ಧ ಹೂಳುವ ನೆಲಬಾಂಬನ್ನು 1997ರ ಒಟ್ಟಾವಾ ಒಪ್ಪಂದ ನಿಷೇಧಿಸಿದೆ, ಕ್ಲಸ್ಟರ್ ಬಾಂಬನ್ನು 2008ರ ಒಪ್ಪಂದ. ಭಾರತ ಎರಡಕ್ಕೂ ಸೇರಿಲ್ಲ.

ಉಪಯೋಗ ಬೇರೆ. ಗಡಿ ಉದ್ದ, ಸೈನಿಕರು ಕಡಿಮೆ ಎಂದಾಗ ನೆಲಬಾಂಬ್ ಕಾವಲಾಗುತ್ತದೆ. ಕಂದಕದಲ್ಲಿ ಕುಳಿತ ಸೇನೆಯ ಮೇಲೆ ಕ್ಲಸ್ಟರ್ ಬಾಂಬ್ ಪರಿಣಾಮಕಾರಿ. 2023ರಲ್ಲಿ ಅಮೆರಿಕ ಅದನ್ನು ಉಕ್ರೇನ್‌ಗೆ ಕೊಟ್ಟಿತು.

ನನಗೆ ಮುಖ್ಯವಾದದ್ದು ಯುದ್ಧ ಮುಗಿದ ಮೇಲಿನ ಮಾತು. ರಕ್ಷಣೆಯ ಯುದ್ಧ ನಡೆಯುವುದು ನಮ್ಮದೇ ಹೊಲದಲ್ಲಿ, ಅಲ್ವಾ? ಸಿಡಿಯದೆ ಉಳಿದ ಚಿಕ್ಕ ಬಾಂಬ್‌ಗಳನ್ನು ಮಕ್ಕಳು ಆಟಿಕೆ ಎಂದು ಎತ್ತಿಕೊಳ್ಳುತ್ತಾರೆ. ಲಾವೋಸ್‌ನಲ್ಲಿ 1973ರವರೆಗೆ ಬಿದ್ದವು ಇಂದಿಗೂ ಜನರನ್ನು ಕೊಲ್ಲುತ್ತಿವೆ. ನೆಲಬಾಂಬಿಗಾದರೆ ನಕ್ಷೆ ಬರೆದಿಡಬಹುದು, ಬೇಲಿ ಹಾಕಬಹುದು. ಆದರೆ ಮಳೆ ಬಂದರೆ? 2018ರಲ್ಲಿ ಇಲ್ಲಿ ಗುಡ್ಡಗಳೇ ಜಾರಿದವು. ಅಂಥ ನೆಲದಲ್ಲಿ ನಕ್ಷೆಗೆ ಬೆಲೆಯಿಲ್ಲ.

ಜನವಿಲ್ಲದ, ಒಣ ಗಡಿಯಾದರೆ, ನಕ್ಷೆ ಬೇಲಿ ಇದ್ದರೆ, ನೆಲಬಾಂಬಿನ ವಾದ ಗಟ್ಟಿ. ಊರಿಂದ ದೂರ ಶತ್ರು ಬೀಡುಬಿಟ್ಟಿದ್ದರೆ, ಆಮೇಲೆ ನೆಲ ಶುಚಿ ಮಾಡುವ ಹೊಣೆ ಸರ್ಕಾರ ಹೊತ್ತರೆ, ಕ್ಲಸ್ಟರ್ ಪರ ಮಾತಾಡಬಹುದು. ಮನೆ, ತೋಟ ಹತ್ತಿರವಿದ್ದರೆ ಎರಡನ್ನೂ ನಾನು ಒಪ್ಪುವುದಿಲ್ಲ.